ಹಳೇ ಕಾರಿನ ಕಂಪನಿ ಸೆಟ್‌ಗೆ ಮ್ಯೂಸಿಕ್ ಪ್ಲೇಯರ್ ಜೋಡಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ತುಮಕೂರು ಕಡೆ ಹದಿನೈದು, ಇಪ್ಪತ್ತು ವರ್ಷದ ಕಾರುಗಳು ಇನ್ನೂ ಧಾರಾಳವಾಗಿ ಓಡಾಡುತ್ತಿವೆ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಆದರೂ ಗುಬ್ಬಿ ರಸ್ತೆಯಲ್ಲೋ ಕೊರಟಗೆರೆ ರಸ್ತೆಯಲ್ಲೋ ಒಂದಾದರೂ ಎದುರಿಗೆ ಸಿಗುತ್ತದೆ. ಜೆನ್, ಸ್ಯಾಂಟ್ರೋ, ಇಂಡಿಕಾ, ಹಳೇ ಹೋಂಡಾ ಸಿಟಿ, ಕ್ವಾಲಿಸ್ ಕೂಡ ಹಾಗೇ. ಎಂಜಿನ್ ಗಟ್ಟಿಯಾಗಿದೆ, ಸೀಟು ಚೆನ್ನಾಗಿದೆ. ಡ್ಯಾಶ್‌ಬೋರ್ಡಿನ ಸೆಟ್ ಮಾತ್ರ ಕ್ಯಾಸೆಟ್ ಕಾಲದ್ದು, ಇಲ್ಲವೇ ಸಿಡಿ ಕಾಲದ್ದು. ಹಾಡೆಲ್ಲ ಈಗ ಜೇಬಿನ ಪ್ಲೇಯರಿನಲ್ಲೋ ಫೋನಿನಲ್ಲೋ ಇವೆ.

ಇದಕ್ಕೆ ಏನು ಮಾಡಬೇಕು ಅಂತ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, ಎಫ್‌ಎಂ ಟ್ರಾನ್ಸ್‌ಮಿಟರ್ ತಗೊಳ್ಳಿ. ಇನ್ನೊಂದು, ಹಳೇ ಸೆಟ್ ಕಿತ್ತು ಟಚ್‌ಸ್ಕ್ರೀನ್ ಹಾಕಿಸಿ. ನನ್ನ ಪ್ರಕಾರ ಇವೆರಡನ್ನೂ ಕೊನೆಗೆ ನೋಡಬೇಕು. ಹಳೇ ಕಂಪನಿ ಸೆಟ್‌ನಲ್ಲಿ ಪ್ಲೇಯರ್ ಸೇರಿಸಲು ಒಂದಲ್ಲ ಒಂದು ದಾರಿ ಇದ್ದೇ ಇರುತ್ತದೆ. ಆ ದಾರಿ ತಂತಿಯದ್ದಾದರೆ ಧ್ವನಿ ಚೆನ್ನಾಗಿರುತ್ತದೆ, ಖರ್ಚೂ ಕಮ್ಮಿ.

ಸೆಟ್ ಉಳಿಸಿಕೊಳ್ಳಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಊರಿನ ಮೂಡಲಪಾಯ ಯಕ್ಷಗಾನ, ಹರಿಕಥೆ, ಅಜ್ಜಿಯರ ಸೋಬಾನೆ ಪದ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳು ಇನ್ನೂ ಇವೆ. ಮನೆಯ ಟೇಪ್ ರೆಕಾರ್ಡರ್ ಯಾವತ್ತೋ ಹಾಳಾಗಿರುತ್ತದೆ. ಆ ಕ್ಯಾಸೆಟ್ ಓಡಿಸಬಲ್ಲ ಯಂತ್ರ ಅಂತ ಆ ಮನೆಯಲ್ಲಿ ಉಳಿದಿರುವುದು ಕಾರಿನ ಡೆಕ್ ಒಂದೇ ಇರಬಹುದು. ಅದನ್ನು ಸುಮ್ನೆ ಗುಜರಿಗೆ ಹಾಕಬೇಡಿ.

ಏನೂ ಕೊಳ್ಳುವ ಮೊದಲು ಸೆಟ್ ನೋಡಿ

ಕಾರಿನಲ್ಲಿ ಕುಳಿತು ಸೆಟ್‌ನ ಮುಖವನ್ನು ನಿಧಾನವಾಗಿ ನೋಡಿ. ಹುಡುಕಬೇಕಾದದ್ದು ಇಷ್ಟು. ಆಕ್ಸ್ (AUX) ಅಂತ ಬರೆದ ಸಣ್ಣ ದುಂಡು ತೂತು ಇದೆಯಾ? ಅದು 3.5 ಮಿಲಿಮೀಟರ್ ಸಾಕೆಟ್, ಇಯರ್‌ಫೋನ್ ಹಾಕುವಂಥದ್ದೇ. ಯುಎಸ್‌ಬಿ ಪೋರ್ಟ್ ಇದೆಯಾ? ಕ್ಯಾಸೆಟ್ ಬಾಯಿ ಇದೆಯಾ? ಸಿಡಿ ಬಾಯಿ ಇದ್ದರೆ ಅದರ ಪಕ್ಕ ಎಂಪಿ3 ಅನ್ನುವ ಗುರುತು ಇದೆಯಾ? ಸಿಡಿ ಚೇಂಜರ್ (ಹಲವು ಸಿಡಿ ಹಿಡಿದು ಬದಲಿಸುವ ಬೇರೆ ಡಬ್ಬಿ) ಬಟನ್ ಇದೆಯಾ?

ಆಕ್ಸ್ ಸಾಕೆಟ್ ಯಾವಾಗಲೂ ಸೆಟ್‌ನ ಮೇಲೇ ಇರುವುದಿಲ್ಲ. ಕೆಲವು ಕಾರುಗಳಲ್ಲಿ ಗ್ಲವ್ ಬಾಕ್ಸ್ ಒಳಗೆ, ಗೇರ್ ಲಿವರ್ ಹಿಂದೆ, ಕೈ ಇಡುವ ಕನ್ಸೋಲಿನ ಮುಚ್ಚಳದ ಕೆಳಗೆ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಇದನ್ನು ವರ್ಷಗಟ್ಟಲೆ ಗಮನಿಸದೇ ಇರುವುದುಂಟು. ಒಂದು ಸುಲಭ ಪರೀಕ್ಷೆ ಇದೆ. ಸೆಟ್‌ನ ಸೋರ್ಸ್ ಅಥವಾ ಮೋಡ್ ಬಟನ್ ಒತ್ತುತ್ತಾ ಹೋಗಿ. ಡಿಸ್‌ಪ್ಲೇಯಲ್ಲಿ ಆಕ್ಸ್ ಅಂತ ಬಂದರೆ ಸಾಕೆಟ್ ಎಲ್ಲೋ ಒಂದು ಕಡೆ ಇದೆ, ಇಲ್ಲವೇ ಸೆಟ್‌ನ ಹಿಂಭಾಗದಲ್ಲಿ ಅದಕ್ಕೆ ಜಾಗ ಇದೆ ಅಂತ ಅರ್ಥ. ಆದರೆ ಕೆಲವು ಸೆಟ್‌ಗಳು ಪ್ಲಗ್ ಚುಚ್ಚುವ ತನಕ ಆ ಹೆಸರನ್ನು ತೋರಿಸುವುದೇ ಇಲ್ಲ. ಹಾಗಾಗಿ ಕಣ್ಣಿನಲ್ಲೂ ಹುಡುಕಿ, ಮ್ಯಾನ್ಯುಯಲ್ ಇದ್ದರೆ ಅದನ್ನೂ ತಿರುವಿ ಹಾಕಿ.

ಪ್ಲೇಯರಿನ ಕಡೆಯೂ ನೋಡಿ. ಅದರಲ್ಲಿ ಇಯರ್‌ಫೋನ್ ಸಾಕೆಟ್ ಇದ್ದರೆ ಕೆಲಸ ಸುಲಭ. ಈಗಿನ ಎಷ್ಟೋ ಫೋನುಗಳಲ್ಲಿ ಅದು ಇಲ್ಲ. ಅಂಥವಕ್ಕೆ ಟೈಪ್-ಸಿಯಿಂದ 3.5ಕ್ಕೆ ಬದಲಿಸುವ ಪುಟ್ಟ ಅಡಾಪ್ಟರ್ ಬೇಕು. ಕೊಳ್ಳುವಾಗ ಒಳಗೆ ಡಿಎಸಿ ಚಿಪ್, ಅಂದರೆ ಡಿಜಿಟಲ್ ಹಾಡನ್ನು ಧ್ವನಿಯ ಸಿಗ್ನಲ್ ಆಗಿ ಬದಲಿಸುವ ಚಿಪ್ ಇರುವಂಥದ್ದನ್ನೇ ಕೇಳಿ. ಚಿಪ್ ಇಲ್ಲದ ಅಡಾಪ್ಟರ್ ಕೆಲವೇ ಫೋನುಗಳಲ್ಲಿ ಕೆಲಸ ಮಾಡುತ್ತದೆ.

ಆಕ್ಸ್ ಇದ್ದರೆ ಬೇರೆ ಯೋಚನೆ ಬೇಡ

ಎರಡೂ ತುದಿಯಲ್ಲಿ 3.5 ಪ್ಲಗ್ ಇರುವ ಒಂದು ಕೇಬಲ್ ತನ್ನಿ. ಒಂದು ಮೀಟರ್ ಉದ್ದ ಸಾಕು. ಸೆಟ್ ಕಡೆಯ ಪ್ಲಗ್ ಎಲ್ ಆಕಾರದಲ್ಲಿ ಬಾಗಿದ್ದರೆ ಒಳ್ಳೆಯದು, ಗೇರ್ ಹಾಕುವಾಗ ಕೈ ತಗುಲಿ ಸಾಕೆಟ್ ಸಡಿಲವಾಗುವುದು ತಪ್ಪುತ್ತದೆ. ಪ್ಲಗ್‌ನ ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್, ಬುಡದ ಭಾಗ ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಪ್ಲಗ್ ಪೂರ್ತಿ ಒಳಗೆ ಹೋಗದಿದ್ದರೆ ಒಂದೇ ಕಡೆ ಧ್ವನಿ ಬರುತ್ತದೆ, ಇಲ್ಲವೇ ಹಾಡುವವರ ದನಿ ಮಾಯವಾಗಿ ವಾದ್ಯ ಮಾತ್ರ ಕೇಳುತ್ತದೆ. ಹಾಗಾದರೆ ಸೆಟ್ ಹಾಳಾಗಿದೆ ಅಂತ ಹೆದರಬೇಡಿ, ಟಕ್ ಅನ್ನುವ ತನಕ ಒತ್ತಿ ನೋಡಿ.

ವಾಲ್ಯೂಮ್ ಹೊಂದಿಸುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಪ್ಲೇಯರಿನ ವಾಲ್ಯೂಮ್ ಕಮ್ಮಿ ಇಟ್ಟು ಸೆಟ್‌ನಲ್ಲಿ ಏರಿಸಿದರೆ ಹಿಂದೆ ಸುಯ್ ಅನ್ನುವ ಸದ್ದು ಬರುತ್ತದೆ. ಪ್ಲೇಯರನ್ನು ಪೂರ್ತಿ ಏರಿಸಿದರೆ ಕೆಲವು ಪ್ಲೇಯರುಗಳಲ್ಲಿ ಧ್ವನಿ ಒಡೆಯುತ್ತದೆ. ಮುಕ್ಕಾಲು ಭಾಗಕ್ಕೆ ಇಡಿ. ಆಮೇಲೆ ರೇಡಿಯೋ ಕೇಳುವಾಗ ಸೆಟ್‌ನ ವಾಲ್ಯೂಮ್ ಎಷ್ಟಿರುತ್ತದೋ ಅಷ್ಟಕ್ಕೆ ಹಾಡು ಸರಿಯಾಗಿ ಕೇಳುತ್ತದಾ ನೋಡಿ, ಪ್ಲೇಯರಿನಲ್ಲಿ ಸ್ವಲ್ಪ ಆಚೀಚೆ ಮಾಡಿ. ಇದರಿಂದ ಆಕ್ಸ್‌ನಿಂದ ರೇಡಿಯೋಗೆ ಬದಲಿಸಿದಾಗ ಏಕ್‌ದಂ ಕಿವಿಗೆ ಹೊಡೆಯುವುದಿಲ್ಲ. ಪ್ಲೇಯರಿನ ಈಕ್ವಲೈಸರ್ ಆಫ್ ಮಾಡಿ. ಬಾಸ್, ಟ್ರೆಬಲ್ ಏನಿದ್ದರೂ ಸೆಟ್‌ನಲ್ಲೇ ಹೊಂದಿಸಿ.

ತಂತಿ ಬೇಡ ಅನ್ನುವವರಿಗೆ ಬ್ಲೂಟೂತ್ ರಿಸೀವರ್ ಸಿಗುತ್ತದೆ. ಅದು ಆಕ್ಸ್ ಸಾಕೆಟ್‌ಗೆ ಚುಚ್ಚಿಕೊಂಡು, 5 ವೋಲ್ಟ್ ಯುಎಸ್‌ಬಿ ಕರೆಂಟ್ ತಗೊಂಡು ಕೆಲಸ ಮಾಡುತ್ತದೆ. ಒಳ್ಳೆಯ ಉಪಾಯವೇ. ಆದರೆ ಚಾರ್ಜರ್‌ನಿಂದ ಬರುವ ಕುಂಯ್ ಸದ್ದಿನ ಸಮಸ್ಯೆ ಇದರಲ್ಲಿ ಜಾಸ್ತಿ, ಅದಕ್ಕೆ ಮುಂದೆ ಬರುತ್ತೇನೆ.

ಕ್ಯಾಸೆಟ್ ಡೆಕ್: ಜನ ಮರೆತ ಒಳ್ಳೆಯ ದಾರಿ

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್‌ನ ಅಳತೆ ಇವತ್ತಿಗೂ ಬದಲಾಗಿಲ್ಲ. ಹಾಗಾಗಿ ಯಾವ ಕಾರಿನ ಡೆಕ್ ಆದರೂ ಒಂದೇ ಬಗೆಯ ಕ್ಯಾಸೆಟ್ ಅಡಾಪ್ಟರ್ ಸಾಕು. ನೋಡಲು ಕ್ಯಾಸೆಟ್‌ನಂತೆಯೇ, ಒಂದು ತಂತಿ ಹೊರಗೆ ಬಂದಿರುತ್ತದೆ.

ಇದು ಕೆಲಸ ಮಾಡುವ ರೀತಿ ತುಂಬಾ ಸೊಗಸು. ಮಾಮೂಲಿ ಕ್ಯಾಸೆಟ್‌ನಲ್ಲಿ ಟೇಪಿನ ಮೇಲಿನ ಕಾಂತೀಯ ಗುರುತುಗಳನ್ನು ಡೆಕ್‌ನ ಹೆಡ್ ಓದುತ್ತದೆ. ಅಡಾಪ್ಟರಿನಲ್ಲಿ ಟೇಪೇ ಇಲ್ಲ. ಅದರ ಜಾಗದಲ್ಲಿ ಇನ್ನೊಂದು ಪುಟ್ಟ ಹೆಡ್ ಇದೆ. ಪ್ಲೇಯರಿನಿಂದ ಬಂದ ಸಿಗ್ನಲ್ ಅದರ ಸುರುಳಿಯಲ್ಲಿ ಹರಿದಾಗ ಹಾಡಿಗೆ ತಕ್ಕಂತೆ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಡೆಕ್‌ನ ಹೆಡ್ ಅದಕ್ಕೆ ಒತ್ತಿಕೊಂಡು ಕುಳಿತಿರುವುದರಿಂದ ಅದನ್ನೇ ಟೇಪ್ ಅಂದುಕೊಂಡು ಓದುತ್ತದೆ. ನಡುವೆ ಗಾಳಿಯ ಅಲೆ ಇಲ್ಲ, ಸ್ಟೇಷನ್‌ಗಳ ಕಾಟ ಇಲ್ಲ. ಕ್ಯಾಸೆಟ್ ಸೆಟ್ ಇರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಬೆಲೆಯೂ ಕೆಲವು ನೂರು ರೂಪಾಯಿ ಅಷ್ಟೇ. ತುಮಕೂರಿನಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ನೋಡಿ, ಇಲ್ಲವೇ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.

ಹಾಕುವ ಮೊದಲು ಡೆಕ್‌ನ ಹೆಡ್ ಒರೆಸಲೇಬೇಕು. ವರ್ಷಗಟ್ಟಲೆ ಓಡದ ಡೆಕ್‌ನ ಹೆಡ್ ಮೇಲೆ ಹಳೇ ಟೇಪಿನ ಕಂದು ಪುಡಿ, ಜೊತೆಗೆ ನಮ್ಮ ರಸ್ತೆಗಳ ಧೂಳು ಅಂಟಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಯ ಕಡ್ಡಿ ಸ್ವಲ್ಪ ಅದ್ದಿ, ಬಾಗಿಲು ಎತ್ತಿ ಹಿಡಿದು, ಹೊಳೆಯುವ ಹೆಡ್ ಮೇಲೆ ಮೆಲ್ಲಗೆ ಉಜ್ಜಿ. ಕಡ್ಡಿ ಕಂದು ಬಣ್ಣಕ್ಕೆ ತಿರುಗುವುದು ನಿಂತ ಮೇಲೆ ಸಾಕು. ಟೇಪ್ ಎಳೆಯುವ ರಬ್ಬರ್ ಗಾಲಿಯನ್ನು ಬರೀ ನೀರು ಸೋಕಿಸಿದ ಕಡ್ಡಿಯಲ್ಲಿ ಒರೆಸಿ. ಹತ್ತು ನಿಮಿಷ ಒಣಗಲು ಬಿಡಿ.

ಆಮೇಲಿನ ಕ್ರಮ ಹೀಗೆ:

1. ಅಡಾಪ್ಟರಿನ ತಂತಿಯನ್ನು ಮೊದಲು ಪ್ಲೇಯರಿಗೆ ಚುಚ್ಚಿ, ಹಾಡು ಶುರು ಮಾಡಿ, ವಾಲ್ಯೂಮ್ ಅರ್ಧಕ್ಕೆ ಇಡಿ.
2. ಸೆಟ್ ಆನ್ ಮಾಡಿ. ಡಾಲ್ಬಿ ಬಟನ್ ಇದ್ದರೆ ಆಫ್ ಮಾಡಿ. ಮೆಟಲ್ ಟೇಪ್ ಬಟನ್ ಇದ್ದರೆ ಅದನ್ನೂ ಆಫ್ ಮಾಡಿ. ಅವು ಆನ್ ಇದ್ದರೆ ಧ್ವನಿ ಮಂಕಾಗುತ್ತದೆ.
3. ಟೇಪ್ ಕಾಣುವ ತೆರೆದ ಬದಿ ಮಾಮೂಲಿ ಕ್ಯಾಸೆಟ್‌ನಲ್ಲಿ ಯಾವ ಕಡೆಗಿರುತ್ತದೋ ಅದೇ ಕಡೆಗೆ ಇಟ್ಟು ಅಡಾಪ್ಟರ್ ಒಳಗೆ ತಳ್ಳಿ. ತಂತಿ ಬಾಗಿಲಿನಿಂದ ಸಲೀಸಾಗಿ ಹೊರಗೆ ಬರಬೇಕು, ಮಡಚಿ ಸಿಕ್ಕಿಕೊಳ್ಳಬಾರದು.
4. ಧ್ವನಿ ಬಂದ ಮೇಲೆ ಪ್ಲೇಯರಿನ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ.

ಧ್ವನಿ ಬರಲೇ ಇಲ್ಲವಾ, ಅಥವಾ ಎಲ್ಲೋ ದೂರದಲ್ಲಿ ಕೇಳಿದಂತಿದೆಯಾ? ಆಟೋ ರಿವರ್ಸ್ ಡೆಕ್ ಆಗಿದ್ದರೆ ಅದು ಇನ್ನೊಂದು ಬದಿಯನ್ನು ಓದುತ್ತಿರಬಹುದು. ಬದಿ ಬದಲಿಸುವ ಬಟನ್ ಒಮ್ಮೆ ಒತ್ತಿ. ಬಹಳಷ್ಟು ಡೆಕ್‌ಗಳಲ್ಲಿ ಮುಂದೆ ಓಡಿಸುವ, ಹಿಂದೆ ಓಡಿಸುವ ಬಟನ್ ಎರಡನ್ನೂ ಒಟ್ಟಿಗೆ ಅರ್ಧ ಒತ್ತಿದರೆ ಬದಿ ಬದಲಾಗುತ್ತದೆ.

ಡೆಕ್ ಅಡಾಪ್ಟರನ್ನು ಮತ್ತೆ ಮತ್ತೆ ಹೊರಗೆ ಉಗುಳುತ್ತಿದ್ದರೆ ಕಾರಣ ಬೇರೆ. ಡೆಕ್ ಟೇಪ್ ಸುತ್ತುವ ತನ್ನ ಎರಡು ಗಾಲಿ ತಿರುಗುತ್ತಿವೆಯಾ ಅಂತ ಸದಾ ನೋಡುತ್ತಿರುತ್ತದೆ. ತಿರುಗದಿದ್ದರೆ ಟೇಪ್ ಸಿಕ್ಕಿಕೊಂಡಿದೆ ಅಂದುಕೊಂಡು ನಿಲ್ಲಿಸುತ್ತದೆ. ಅದಕ್ಕೇ ಅಡಾಪ್ಟರಿನೊಳಗೆ ಎರಡೂ ಗಾಲಿ ಸೇರಿಸುವ ಪ್ಲಾಸ್ಟಿಕ್ ಹಲ್ಲುಚಕ್ರಗಳು ಇರುತ್ತವೆ. ಅವು ಒಣಗಿ ಬಿಗಿಯಾದರೆ ಈ ತೊಂದರೆ. ಅಡಾಪ್ಟರಿನ ಸ್ಕ್ರೂ ಬಿಚ್ಚಿ ಚಕ್ರಗಳ ನಡುವಿನ ಕಡ್ಡಿಗೆ ಸೂಜಿಯ ತುದಿಯಷ್ಟು ಸಿಲಿಕಾನ್ ಗ್ರೀಸ್ ಹಚ್ಚಿ. ಕಟಕಟ ಸದ್ದು ಬಂದರೂ ಇದೇ ಮದ್ದು. ಚಕ್ರಗಳನ್ನೇ ತೆಗೆದುಹಾಕಿ ಅಂತ ಕೆಲವರು ಹೇಳುತ್ತಾರೆ. ಗಾಲಿ ನೋಡದ ತೀರಾ ಸರಳ ಡೆಕ್‌ಗಳಲ್ಲಿ ಅದು ನಡೆಯುತ್ತದೆ, ಆಟೋ ಸ್ಟಾಪ್ ಇರುವ ಡೆಕ್‌ನಲ್ಲಿ ನಡೆಯುವುದಿಲ್ಲ.

ಎತ್ತರದ ಸ್ವರಗಳು ಮಂಕಾಗಿ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಕೇಳಿದರೆ ಎರಡು ಹೆಡ್ ನೇರಕ್ಕೆ ಕುಳಿತಿಲ್ಲ. ಅಡಾಪ್ಟರ್ ತೆಗೆದು ಮತ್ತೆ ಹಾಕಿ. ಒಳ್ಳೆಯ ಅಡಾಪ್ಟರಿನ ಹೆಡ್ ಸ್ಪ್ರಿಂಗ್ ಮೇಲೆ ಕುಳಿತಿರುತ್ತದೆ, ಬೆರಳಿನಿಂದ ಒತ್ತಿದರೆ ಸ್ವಲ್ಪ ಅಲುಗಾಡುತ್ತದೆ. ಅಲುಗಾಡದ ಅಗ್ಗದ ಮಾಲಿನಲ್ಲಿ ಈ ತೊಂದರೆ ಜಾಸ್ತಿ.

ಕೆಲಸ ಮುಗಿದ ಮೇಲೆ ಅಡಾಪ್ಟರನ್ನು ಡೆಕ್‌ನಲ್ಲೇ ಬಿಟ್ಟು ಕಾರು ಲಾಕ್ ಮಾಡಬೇಡಿ. ಹೆಡ್ ಮತ್ತು ರಬ್ಬರ್ ಗಾಲಿ ಸದಾ ಒತ್ತಿಕೊಂಡೇ ಇದ್ದರೆ ಗಾಲಿಯಲ್ಲಿ ಗುಳಿ ಬೀಳುತ್ತದೆ. ಆಮೇಲೆ ಅದೇ ಡೆಕ್‌ನಲ್ಲಿ ಅಜ್ಜಿಯ ಕ್ಯಾಸೆಟ್ ಹಾಕಿದರೆ ಹಾಡು ಅಲೆಅಲೆಯಾಗಿ ಓಡುತ್ತದೆ.

ಸಿಡಿ ಸೆಟ್

ಸಿಡಿ ಬಾಯಿ ಮಾತ್ರ ಇದ್ದು ಆಕ್ಸ್ ಇಲ್ಲದಿದ್ದರೆ, ಸಿಡಿ ಚೇಂಜರ್ ಬಟನ್ ಇದೆಯಾ ನೋಡಿ. ಇದ್ದರೆ ಸೆಟ್‌ನ ಹಿಂದೆ ಚೇಂಜರ್‌ಗೆಂದು ಒಂದು ಸಾಕೆಟ್ ಇರುವ ಸಾಧ್ಯತೆ ಇದೆ. ಅಲ್ಲಿಗೆ ಚುಚ್ಚುವ ಅಡಾಪ್ಟರ್ ಡಬ್ಬಿಗಳು ಸಿಗುತ್ತವೆ. ಅವು ಸೆಟ್‌ಗೆ "ನಾನೇ ಚೇಂಜರ್" ಅಂತ ಸಂಕೇತ ಕಳಿಸಿ, ಆಕ್ಸ್ ಅಥವಾ ಯುಎಸ್‌ಬಿ ಹಾಡನ್ನು ಒಳಗೆ ಬಿಡುತ್ತವೆ. ಈ ಸಂಕೇತ ಇಲ್ಲದೆ ಬರೀ ಧ್ವನಿಯ ತಂತಿ ಜೋಡಿಸಿದರೆ ಸೆಟ್ ಆ ಮೋಡ್‌ಗೇ ಹೋಗುವುದಿಲ್ಲ. ಡಬ್ಬಿ ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಸೆಟ್‌ನ ಮಾಡೆಲ್ ನಂಬರ್, ಹಿಂಭಾಗದ ಸಾಕೆಟ್‌ನ ಫೋಟೋ ಎರಡೂ ಬೇಕು. ಒಂದೇ ಕಾರಿಗೆ ಕಂಪನಿಯವರು ಬೇರೆ ಬೇರೆ ವರ್ಷ ಬೇರೆ ಬೇರೆ ಸೆಟ್ ಹಾಕಿರುತ್ತಾರೆ.

ಚೇಂಜರ್ ಇಲ್ಲ, ಆದರೆ ಎಂಪಿ3 ಗುರುತು ಇದೆ ಅಂದರೆ ಪ್ಲೇಯರಿನ ಹಾಡುಗಳನ್ನೇ ಸಿಡಿಗೆ ಬರೆಯಿರಿ. 700 ಎಂಬಿಯ ಒಂದು ಸಿಡಿಯಲ್ಲಿ ಸುಮಾರು ನೂರೈವತ್ತು ಹಾಡು ಹಿಡಿಯುತ್ತವೆ. ಮತ್ತೆ ಅಳಿಸಿ ಬರೆಯುವ ಸಿಡಿ ಬೇಡ, ಒಂದೇ ಸಲ ಬರೆಯುವ ಸಿಡಿ-ಆರ್ ತಗೊಳ್ಳಿ. ಅಳಿಸುವ ಸಿಡಿ ಬೆಳಕನ್ನು ಕಮ್ಮಿ ಪ್ರತಿಫಲಿಸುತ್ತದೆ, ಹಳೇ ಲೇಸರ್‌ಗಳು ಅದನ್ನು ಓದಲು ಒದ್ದಾಡುತ್ತವೆ.

ಯುಎಸ್‌ಬಿ ಇದೆ, ಆದರೆ ಓದುತ್ತಿಲ್ಲ

ಇದು 2008ರಿಂದ ಈಚಿನ ಕಾರುಗಳಲ್ಲಿ ತುಂಬಾ ಕೇಳುವ ದೂರು. ಆಂಡ್ರಾಯ್ಡ್ ಫೋನ್ ಚುಚ್ಚಿದರೆ ಚಾರ್ಜ್ ಆಗುತ್ತದೆ, ಹಾಡು ಬರುವುದಿಲ್ಲ. ಹಳೇ ಸೆಟ್ ಪೆನ್‌ಡ್ರೈವ್ ಬಗೆಯ ಸಾಧನವನ್ನು ಮಾತ್ರ ಗುರುತಿಸುತ್ತದೆ. ಈಗಿನ ಫೋನುಗಳು ತಮ್ಮನ್ನು ಆ ರೀತಿ ತೋರಿಸಿಕೊಳ್ಳುವುದಿಲ್ಲ. ಹಳೇ ಎಂಪಿ3 ಪ್ಲೇಯರುಗಳಲ್ಲಿ ಮಾಸ್ ಸ್ಟೋರೇಜ್ ಅನ್ನುವ ಸೆಟ್ಟಿಂಗ್ ಇದ್ದರೆ ಅದನ್ನು ಆರಿಸಿ, ಅವು ಓಡುತ್ತವೆ. ಫೋನ್ ಇರುವವರು ಪೆನ್‌ಡ್ರೈವ್‌ಗೆ ಹೋಗುವುದೇ ಒಳ್ಳೆಯದು.

ಪೆನ್‌ಡ್ರೈವ್ 32 ಜಿಬಿ ಅಥವಾ ಅದಕ್ಕಿಂತ ಕಮ್ಮಿ ಇರಲಿ, ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಹಳೇ ಸೆಟ್‌ಗಳಿಗೆ ಓದಲು ಬರುವುದಿಲ್ಲ. ಹಾಡುಗಳು ಎಂಪಿ3 ಆಗಿರಲಿ. ಬಿಟ್‌ರೇಟ್ 128ರಿಂದ 320 ಕೆಬಿಪಿಎಸ್ ಒಳಗೆ ಸ್ಥಿರವಾಗಿರಲಿ.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತಾಪತ್ರಯ ಇದೆ. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಹಳೇ ಡಿಸ್‌ಪ್ಲೇಯಲ್ಲಿ ಬರೀ ಚೌಕ ಅಥವಾ ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಕೆಲವು ಸೆಟ್ ಆ ಫೈಲನ್ನೇ ಬಿಟ್ಟು ಮುಂದೆ ಹೋಗುತ್ತವೆ. ನಮ್ಮ ಹಾಡಿನ ಹೆಸರನ್ನು ನಮ್ಮ ಲಿಪಿಯಲ್ಲಿ ನೋಡಲಾಗದ್ದು ಬೇಸರವೇ, ಆದರೆ ಈ ಸೆಟ್‌ಗಳ ಮಟ್ಟಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮುಂದೆ ಮೂರು ಅಂಕಿಯ ನಂಬರ್ ಕೊಡುವುದು ಸುರಕ್ಷಿತ. ಇನ್ನೊಂದು ವಿಷಯ, ಬಹಳಷ್ಟು ಹಳೇ ಸೆಟ್‌ಗಳು ಹೆಸರಿನ ಕ್ರಮ ನೋಡುವುದಿಲ್ಲ. ಯಾವ ಫೈಲ್ ಮೊದಲು ಕಾಪಿ ಆಯಿತೋ ಅದನ್ನು ಮೊದಲು ನುಡಿಸುತ್ತವೆ. ಹರಿಕಥೆಯ ಭಾಗಗಳು ಹಿಂದುಮುಂದಾಗಿ ಬರಲು ಇದೇ ಕಾರಣ. ಡ್ರೈವ್ ಖಾಲಿ ಮಾಡಿ, ಒಂದೊಂದೇ ಫೋಲ್ಡರನ್ನು ಕ್ರಮವಾಗಿ ಕಾಪಿ ಮಾಡಿ.

ಎಫ್‌ಎಂ ಟ್ರಾನ್ಸ್‌ಮಿಟರ್: ತುಮಕೂರು–ಬೆಂಗಳೂರು ರಸ್ತೆಯ ಪಾಠ

ಸೆಟ್‌ನಲ್ಲಿ ರೇಡಿಯೋ ಬಿಟ್ಟು ಬೇರೇನೂ ಇಲ್ಲದಿದ್ದರೆ ಎಫ್‌ಎಂ ಟ್ರಾನ್ಸ್‌ಮಿಟರ್ ಬೇಕಾಗುತ್ತದೆ. ಲೈಟರ್ ಸಾಕೆಟ್‌ಗೆ ಚುಚ್ಚುವ ಈ ಸಾಧನ ಪುಟ್ಟ ರೇಡಿಯೋ ಸ್ಟೇಷನ್ ತರಹ ಪ್ರಸಾರ ಮಾಡುತ್ತದೆ, ಸೆಟ್ ಅದನ್ನು ಹಿಡಿಯುತ್ತದೆ. ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಸ್ ಮೇಲಿನ ಸ್ವರ ಬರುವುದೇ ಇಲ್ಲ. ಹಾಗಾಗಿ ಆಕ್ಸ್‌ನ ಸ್ಪಷ್ಟತೆಯನ್ನು ಇದರಿಂದ ನಿರೀಕ್ಷಿಸಬೇಡಿ.

ಇದರ ಗೆಲುವು ಸೋಲು ಎರಡೂ ಖಾಲಿ ಫ್ರೀಕ್ವೆನ್ಸಿಯ ಮೇಲೆ ನಿಂತಿದೆ. ಬೆಂಗಳೂರಿನ ಆಕಾಶದಲ್ಲಿ 91.1, 92.7, 93.5, 98.3, ಆಕಾಶವಾಣಿಯ 101.3 ಮತ್ತು ವಿವಿಧ ಭಾರತಿಯ 102.9, ಹೀಗೆ ಸಾಲಾಗಿ ಸ್ಟೇಷನ್‌ಗಳಿವೆ. ತುಮಕೂರು ಅಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಊರೊಳಗೆ ಈ ಸ್ಟೇಷನ್‌ಗಳು ದುರ್ಬಲವಾಗಿರುತ್ತವೆ. ಹಾಗಾಗಿ ಇಲ್ಲಿ ಖಾಲಿ ಅನ್ನಿಸಿದ ಜಾಗ ನೆಲಮಂಗಲ ಬರುವಷ್ಟರಲ್ಲಿ ಖಾಲಿ ಇರುವುದಿಲ್ಲ. ಊರಿನಲ್ಲಿ 90.8ರಲ್ಲಿ ಸಿದ್ಧಾರ್ಥ ಸಮುದಾಯ ರೇಡಿಯೋ ಇದೆ, ಅದನ್ನೂ ಬಿಟ್ಟು ಹುಡುಕಿ.

ಎರಡು ಸಿಗ್ನಲ್ ಒಂದೇ ಜಾಗದಲ್ಲಿ ಬಂದರೆ ಎಫ್‌ಎಂ ರಿಸೀವರ್ ಎರಡನ್ನೂ ಬೆರೆಸಿ ಕೊಡುವುದಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದಾಗ ಜೋರು ದನಿಯವರದ್ದೇ ಕೇಳಿಸುವ ಹಾಗೆ, ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಎರಡೂ ಹೆಚ್ಚುಕಮ್ಮಿ ಸಮ ಇದ್ದರೆ ಅತ್ತಿತ್ತ ಜಿಗಿಯುತ್ತದೆ. ಕ್ಯಾತಸಂದ್ರದಲ್ಲಿ ಚೆನ್ನಾಗಿದ್ದ ಹಾಡನ್ನು ದಾಬಸ್‌ಪೇಟೆ ದಾಟಿದ ಮೇಲೆ ಮಧ್ಯೆ ಮಧ್ಯೆ ಜಾಹೀರಾತು ನುಂಗಲು ಶುರುವಾಗುವುದು ಇದಕ್ಕೇ.

ಫ್ರೀಕ್ವೆನ್ಸಿ ಆರಿಸುವ ಕ್ರಮ ಇದು. ಟ್ರಾನ್ಸ್‌ಮಿಟರ್ ಆಫ್ ಇಟ್ಟು ರೇಡಿಯೋವನ್ನು 88ರಿಂದ ಕೈಯಾರೆ ಒಂದೊಂದೇ ಹೆಜ್ಜೆ ಮೇಲೆ ತನ್ನಿ. ಒಂದೇ ಸಮನೆ ಶ್‌ಶ್ ಅನ್ನುವ ಸದ್ದು ಬರುವ ಜಾಗ ಬೇಕು. ಆ ಸದ್ದಿನ ಹಿಂದೆ ಯಾರೋ ಮಾತಾಡಿದ ಹಾಗೆ ಚೂರು ಕೇಳಿದರೂ ಆ ಜಾಗ ಬೇಡ. ಅದರ ಆಚೀಚೆ 0.2 ಕೂಡ ಖಾಲಿ ಇರಬೇಕು. ನಮ್ಮ ಕಡೆ 88ರಿಂದ 90ರ ಒಳಗೆ ಸಿಗುವ ಸಾಧ್ಯತೆ ಜಾಸ್ತಿ. ಇದೇ ಪರೀಕ್ಷೆಯನ್ನು ನೆಲಮಂಗಲದಲ್ಲಿ ಕಾರು ಪಕ್ಕಕ್ಕೆ ನಿಲ್ಲಿಸಿ ಇನ್ನೊಮ್ಮೆ ಮಾಡಿ. ಎರಡೂ ಕಡೆ ಖಾಲಿ ಇರುವ ಜಾಗವನ್ನು ರೇಡಿಯೋದ ಒಂದನೇ ಬಟನ್‌ಗೆ ಉಳಿಸಿ. ಶಿರಾ ಕಡೆಗೆ ಜಾಸ್ತಿ ಹೋಗುವವರು ಶಿರಾದಲ್ಲೂ ನೋಡಿಕೊಂಡು ಎರಡನೇ ಬಟನ್‌ಗೆ ಬೇರೆ ಜಾಗ ಇಡಿ.

ಎಳೆದು ಉದ್ದ ಮಾಡುವ ಹಳೇ ಆಂಟೆನಾ ಇದ್ದರೆ ಒಂದು ಉಪಾಯವಿದೆ. ಟ್ರಾನ್ಸ್‌ಮಿಟರ್ ಬಳಸುವಾಗ ಆಂಟೆನಾ ಪೂರ್ತಿ ಒಳಗೆ ತಳ್ಳಿ. ಹೊರಗಿನ ಸ್ಟೇಷನ್‌ಗಳು ದುರ್ಬಲವಾಗುತ್ತವೆ, ಕಾರಿನೊಳಗಿನ ಪ್ರಸಾರ ಗೆಲ್ಲುತ್ತದೆ.

ಇದಕ್ಕಿಂತ ಒಳ್ಳೆಯದು ತಂತಿಯ ಎಫ್‌ಎಂ ಮಾಡ್ಯುಲೇಟರ್. ಸೆಟ್‌ನ ಹಿಂದೆ ಆಂಟೆನಾ ಪ್ಲಗ್ ತೆಗೆದು ನಡುವೆ ಈ ಡಬ್ಬಿ ಸೇರಿಸುತ್ತಾರೆ. ಸ್ವಿಚ್ ಒತ್ತಿದಾಗ ಹೊರಗಿನ ಆಂಟೆನಾ ಕಡಿದುಹೋಗಿ ಪ್ಲೇಯರಿನ ಸಿಗ್ನಲ್ ಮಾತ್ರ ಸೆಟ್‌ಗೆ ಹೋಗುತ್ತದೆ. ಬೆಂಗಳೂರಿನ ನಡುಮಧ್ಯೆಯೂ ಹಾಡು ಕೆಡುವುದಿಲ್ಲ. ವಾರ ವಾರ ಬೆಂಗಳೂರಿಗೆ ಹೋಗಿ ಬರುವವರು ರೇಡಿಯೋ ಮಾತ್ರದ ಸೆಟ್ ಇದ್ದರೆ ಇದನ್ನೇ ಹಾಕಿಸಿ.

ಎಂಜಿನ್ ಜೊತೆ ಏರುವ ಕುಂಯ್ ಸದ್ದು

ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಅನ್ನುವ ಸದ್ದೂ ಏರುತ್ತದೆ ಅಂದರೆ ಅದು ಆಲ್ಟರ್ನೇಟರಿನ, ಅಂದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ತಯಾರಿಸುವ ಯಂತ್ರದ ಸದ್ದು. ಪ್ಲೇಯರ್ ಚಾರ್ಜರ್‌ಗೂ ಆಕ್ಸ್‌ಗೂ ಒಟ್ಟಿಗೆ ಸೇರಿಕೊಂಡಾಗ ಗ್ರೌಂಡ್‌ಗೆ ಎರಡು ದಾರಿ ಆಗುತ್ತವೆ. ಅವುಗಳ ನಡುವೆ ಹರಿಯುವ ಸಣ್ಣ ಕರೆಂಟ್ ಹಾಡಿನೊಳಗೆ ಸೇರಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಚಾರ್ಜರ್ ತೆಗೆಯಿರಿ. ಸದ್ದು ತಕ್ಷಣ ನಿಂತರೆ ಇದೇ ಕಾರಣ. ಪ್ಲೇಯರಿನ ಬ್ಯಾಟರಿಯಲ್ಲೇ ಓಡಿಸಿದರೆ ಖರ್ಚೇ ಇಲ್ಲ. ಚಾರ್ಜ್ ಬೇಕೇ ಬೇಕು ಅಂದರೆ ಆಕ್ಸ್ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಹಾಡು ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅಗ್ಗದ ಐಸೊಲೇಟರ್ ಬಾಸ್ ಸ್ವಲ್ಪ ತಿನ್ನುತ್ತದೆ, ಅಷ್ಟು ಗೊತ್ತಿರಲಿ. ಚಾರ್ಜರ್ ತೆಗೆದರೂ ಸದ್ದು ಹೋಗದಿದ್ದರೆ ಸೆಟ್‌ನ ಸ್ವಂತ ಗ್ರೌಂಡ್ ತಂತಿ ತುಕ್ಕು ಹಿಡಿದಿರಬಹುದು. ಅದನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಬೇಕು.

ಸೆಟ್ ಹೊರಗೆ ತೆಗೆಯಬೇಕಾದರೆ

ಹಿಂದಿನ ಸಾಕೆಟ್ ನೋಡಲು, ಮಾಡ್ಯುಲೇಟರ್ ಸೇರಿಸಲು ಸೆಟ್ ಹೊರಗೆ ಬರಬೇಕು. ಬ್ಯಾಟರಿ ಬಿಚ್ಚುವ ಮೊದಲು ಕೋಡ್ ವಿಷಯ ನೋಡಿ. ಕೆಲವು ಹೋಂಡಾ, ಫೋರ್ಡ್, ಸ್ಕೋಡಾ ಕಾರುಗಳ ಸೆಟ್‌ಗಳು ಕರೆಂಟ್ ಹೋಗಿ ಬಂದರೆ ಕಳ್ಳತನ ತಡೆಯುವ ಕೋಡ್ ಕೇಳುತ್ತವೆ. ಕೋಡ್ ಇಲ್ಲದೆ ಸೆಟ್ ಸತ್ತಂತೆ ಕೂರುತ್ತದೆ. ಆ ಕಾರ್ಡ್ ಗ್ಲವ್ ಬಾಕ್ಸ್‌ನಲ್ಲಿ, ಮ್ಯಾನ್ಯುಯಲ್ ಒಳಗೆ ಇದೆಯಾ ಹುಡುಕಿ.

ಆಮೇಲೆ 10 ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ಮೈನಸ್ ತುದಿ ಬಿಚ್ಚಿ. ಸೆಟ್ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ತೆಗೆಯಲು ಸ್ಕ್ರೂ ಡ್ರೈವರ್ ಬೇಡ, ಸಂದಿಗೆ ತೂರಿಸಿ ಎಬ್ಬಿಸುವ ಪ್ಲಾಸ್ಟಿಕ್ ಪ್ರೈ ಟೂಲ್ ಬಳಸಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಈ ಕೆಲಸ ಮಾಡಬೇಡಿ. ಹಳೇ ಪ್ಲಾಸ್ಟಿಕ್ ತಣ್ಣಗಿದ್ದಾಗ ಪಟ್ಟನೆ ಮುರಿಯುತ್ತದೆ. ಕಾರು ಸ್ವಲ್ಪ ಬಿಸಿಲಿಗೆ ನಿಂತ ಮೇಲೆ ಕ್ಲಿಪ್‌ಗಳು ಬಗ್ಗುತ್ತವೆ. ಪಟ್ಟಿಯ ಹಿಂದೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಇರುತ್ತವೆ. ಯುರೋಪಿನ ಸೆಟ್‌ಗಳಲ್ಲಿ ಸ್ಕ್ರೂ ಬದಲು ಎರಡು ಕಡೆ ತೂತು ಇದ್ದು, ಅದಕ್ಕೆ ಯು ಆಕಾರದ ಕೀ ತೂರಿಸಿ ಎಳೆಯಬೇಕು.

ಹಿಂದಿನ ಕಪ್ಲರ್‌ಗಳನ್ನು (ತಂತಿಗಳನ್ನು ಸೆಟ್‌ಗೆ ಸೇರಿಸುವ ಪ್ಲಾಸ್ಟಿಕ್ ಪ್ಲಗ್) ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ತಂತಿ ಹಿಡಿದು ಎಳೆಯಬೇಡಿ, ಕಪ್ಲರ್‌ನ ಬೀಗ ಒತ್ತಿ ಅದನ್ನೇ ಹಿಡಿದು ತೆಗೆಯಿರಿ. ಹಳದಿ ಕವಚದ ತಂತಿ, ಹಳದಿ ಕಪ್ಲರ್ ಕಂಡರೆ ಮುಟ್ಟಲೇಬೇಡಿ, ಅದು ಏರ್‌ಬ್ಯಾಗಿನದ್ದು.

ತುಂಬಾ ಮುಖ್ಯವಾದ ಮಾತು: ಪ್ಲೇಯರಿನ ತಂತಿಯನ್ನು ಸ್ಪೀಕರ್ ತಂತಿಗೆ ಯಾವತ್ತೂ ಸೇರಿಸಬೇಡಿ. ಅದು ಆಂಪ್ಲಿಫೈಯರಿನ ಔಟ್‌ಪುಟ್, ಪ್ಲೇಯರ್ ಸುಟ್ಟುಹೋಗುತ್ತದೆ. ಸ್ಪೀಕರಿನ ಮೈನಸ್ ತಂತಿಯನ್ನು ಗ್ರೌಂಡ್ ಅಂದುಕೊಂಡು ಕಾರಿನ ಲೋಹದ ಮೈಗೆ ಸೇರಿಸುವುದೂ ಬೇಡ. ಬಹಳಷ್ಟು ಸೆಟ್‌ಗಳಲ್ಲಿ ಸ್ಪೀಕರಿನ ಎರಡು ತಂತಿಯಲ್ಲೂ ವೋಲ್ಟೇಜ್ ಇರುತ್ತದೆ, ಲೋಹದ ಮೈಗೆ ತಗುಲಿದರೆ ಸೆಟ್‌ನ ಚಿಪ್ ಹೋಗುತ್ತದೆ. ಸೆಟ್ ಬಿಚ್ಚಿ ಒಳಗಿನ ಬೋರ್ಡಿಗೆ ಆಕ್ಸ್ ಬೆಸುಗೆ ಹಾಕುವ ವಿಧಾನ ಇದೆ. ಅದು ರೇಡಿಯೋ ರಿಪೇರಿ ಚೆನ್ನಾಗಿ ಬಲ್ಲವರ ಕೆಲಸ, ಅವರಿಗೇ ಬಿಡಿ.

ಬ್ಲೂಟೂತ್ ರಿಸೀವರಿಗೋ ಚಾರ್ಜರಿಗೋ ಒಳಗಿನಿಂದ ಕರೆಂಟ್ ತಗೊಂಡರೆ, ಕೀ ತಿರುಗಿಸಿದಾಗ ಮಾತ್ರ ಬರುವ ತಂತಿಯಿಂದ ತಗೊಳ್ಳಿ, ನಡುವೆ 2 ಆಂಪಿಯರ್ ಫ್ಯೂಸ್ ಇರಲಿ. ಬ್ಯಾಟರಿಯ ಖಾಯಂ ತಂತಿಗೆ ಸೇರಿಸಿದರೆ ಒಂದು ವಾರ ನಿಂತ ಕಾರು ಸ್ಟಾರ್ಟ್ ಆಗದೇ ಹೋಗಬಹುದು.

ಸೆಟ್ ಬದಲಿಸಲೇಬೇಕಾದರೆ

ಡೆಕ್ ಪೂರ್ತಿ ಸತ್ತಿದ್ದರೆ, ರಿಪೇರಿಗೂ ಒಗ್ಗದಿದ್ದರೆ ಆಗ ಹೊಸದು ಹಾಕಿಸಿ. ಡ್ಯಾಶ್‌ನ ತೆರವು ಅಳೆಯಿರಿ. ಸುಮಾರು 180 ಮಿಲಿಮೀಟರ್ ಅಗಲ, 50 ಎತ್ತರ ಇದ್ದರೆ ಸಿಂಗಲ್ ಡಿನ್. 100 ಎತ್ತರ ಇದ್ದರೆ ಡಬಲ್ ಡಿನ್. ಹೊಸ ಸೆಟ್‌ನಲ್ಲಿ ಹಳದಿ ತಂತಿ ಖಾಯಂ ಕರೆಂಟ್, ಕೆಂಪು ಕೀಯಿಂದ ಬರುವುದು, ಕಪ್ಪು ಗ್ರೌಂಡ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಈ ಬಣ್ಣಗಳು ಹೊಸ ಸೆಟ್‌ನವು ಮಾತ್ರ. ಕಾರಿನ ಕಡೆಯ ಬಣ್ಣ ಕಂಪನಿಗೊಂದು ಬಗೆ. ಅದಕ್ಕೇ ನಿಮ್ಮ ಕಾರಿಗೆ ಸಿಗುವ ಅಡಾಪ್ಟರ್ ಕಪ್ಲರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ತರಿಸಿ. ಕಾರಿನ ಮೂಲ ಕಪ್ಲರ್ ಕತ್ತರಿಸಿ ಟೇಪ್ ಸುತ್ತಲು ಯಾರಿಗೂ ಬಿಡಬೇಡಿ. ಕತ್ತರಿಸಿದರೆ ಹಳೇ ಸೆಟ್ ಮತ್ತೆ ಕೂರಿಸುವುದು ದೊಡ್ಡ ಪಾಡು.

ಪ್ಲೇಯರ್ ಎಲ್ಲಿಡಬೇಕು

ತಂತಿಯನ್ನು ಪೆಡಲ್, ಹ್ಯಾಂಡ್‌ಬ್ರೇಕ್, ಗೇರ್ ಹತ್ತಿರ ಬಿಡಬೇಡಿ. ಗ್ಲವ್ ಬಾಕ್ಸ್ ಹಿಂದಿನಿಂದ ಹಾಯಿಸಿ ಅದರೊಳಗೇ ಪ್ಲೇಯರ್ ಇಟ್ಟರೆ ನೀಟು. ಏರ್‌ಬ್ಯಾಗ್ ಇರುವ ಡ್ಯಾಶ್ ಮೇಲೆ ಏನನ್ನೂ ಅಂಟಿಸಬೇಡಿ. ಹಾಡಿನ ಪಟ್ಟಿಯನ್ನು ಹೊರಡುವ ಮೊದಲೇ ಹಾಕಿಡಿ. ದೇವರಾಯನದುರ್ಗದ ತಿರುವುಗಳಲ್ಲಿ ಹಾಡು ಬದಲಿಸಲು ಕೈ ಹೋಗಬಾರದು, ಚಾಲಕರು ಕೈಯಲ್ಲಿ ಫೋನ್ ಹಿಡಿಯುವುದು ಕಾನೂನಿನ ಪ್ರಕಾರವೂ ತಪ್ಪು.

ಬೇಸಿಗೆಯಲ್ಲಿ ಪಾವಗಡ, ಶಿರಾ ಕಡೆ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಬಿಸಿ 60 ಡಿಗ್ರಿ ದಾಟಬಹುದು. ಲಿಥಿಯಂ ಬ್ಯಾಟರಿ ಆ ಬಿಸಿಗೆ ಊದಿಕೊಳ್ಳುತ್ತದೆ. ಕಾರಿನಿಂದ ಇಳಿಯುವಾಗ ಪ್ಲೇಯರನ್ನು ಜೊತೆಗೇ ತಗೊಂಡು ಹೋಗಿ. ಕೇಬಲ್, ಅಡಾಪ್ಟರ್ ಮಾತ್ರ ಗ್ಲವ್ ಬಾಕ್ಸ್‌ನಲ್ಲಿರಲಿ.